ಗಿಂಡಿಯ ನೀರು, ನಲ್ಲಿಯ ನೀರು: ವುಝೂ ಕಲಿಕೆಯ ಸುತ್ತ

ಮೂರನೆಯ ಖಲೀಫ ಉಸ್ಮಾನ್ ಒಮ್ಮೆ ಪಾತ್ರೆಯಲ್ಲಿ ನೀರು ತರಿಸಿಕೊಂಡರು. ಮುಂಗೈಗಳ ಮೇಲೆ ಮೂರು ಸಲ ನೀರು ಸುರಿದು ತೊಳೆದರು. ಬಲಗೈಯಲ್ಲಿ ನೀರು ತೆಗೆದು ಬಾಯಿ ಮುಕ್ಕಳಿಸಿದರು, ಮೂಗಿಗೆ ನೀರೆಳೆದು ಸೀಟಿದರು. ಮುಖವನ್ನು ಮೂರು ಸಲ, ಮೊಣಕೈ ಸೇರಿ ಎರಡೂ ಕೈಗಳನ್ನು ಮೂರು ಸಲ ತೊಳೆದು, ಒದ್ದೆ ಕೈಯಿಂದ ತಲೆ ಸವರಿ, ಕಾಲುಗಳನ್ನು ಹರಡಿನವರೆಗೆ ಮತ್ತೆ ಮೂರು ಸಲ ತೊಳೆದರು. ಪ್ರವಾದಿ ಮುಹಮ್ಮದರು ಹೀಗೆ ಮಾಡಿದ್ದನ್ನು ತಾವು ಕಣ್ಣಾರೆ ಕಂಡಿದ್ದಾಗಿ ಕೊನೆಗೆ ತಿಳಿಸಿದರು. ಇದನ್ನು ನೋಡಿ ಮುಂದಿನವರಿಗೆ ಹೇಳಿದವರು ಹುಮ್ರಾನ್, ಗುಲಾಮಗಿರಿಯಿಂದ ಬಿಡುಗಡೆ ಪಡೆದು ಉಸ್ಮಾನರ ಜೊತೆಗೇ ಇದ್ದವರು. ಬುಖಾರಿ ಮತ್ತು ಮುಸ್ಲಿಮ್ ಎರಡೂ ಹದೀಸ್ ಸಂಗ್ರಹಗಳಲ್ಲಿ ಈ ವರದಿ ಇದೆ. ಅಬ್ದುಲ್ಲಾ ಬಿನ್ ಝೈದ್ ಎಂಬ ಇನ್ನೊಬ್ಬ ಸಹಾಬಿಯನ್ನು, ಅಂದರೆ ಪ್ರವಾದಿಯವರ ಸಂಗಾತಿಯನ್ನು, ಯಾರೋ, ಪ್ರವಾದಿಯವರು ಹೇಗೆ ವುಝೂ ಮಾಡುತ್ತಿದ್ದರು, ತೋರಿಸಬಹುದೇ ಎಂದು ಕೇಳಿದಾಗ ಅವರೂ ನೀರು ತರಿಸಿ ಮಾಡಿಯೇ ತೋರಿಸಿದರು.

ನಮಾಝಿಗೆ ಮುನ್ನ ಮಾಡುವ ಈ ಅಂಗಶುದ್ಧಿಯ, ಅಂದರೆ ವುಝೂವಿನ, ಕುರಿತು ಇಸ್ಲಾಮಿ ಗ್ರಂಥಾಲಯಗಳಲ್ಲಿ ಸಾವಿರಾರು ಪುಟಗಳಿವೆ. ಕರ್ಮಶಾಸ್ತ್ರದ ಗ್ರಂಥಗಳಲ್ಲಿ ಬಹುಪಾಲು ‘ತಹಾರತ್’, ಅಂದರೆ ಶುದ್ಧಿಯ ಅಧ್ಯಾಯದಿಂದಲೇ ಶುರುವಾಗುತ್ತವೆ. ಆದರೂ ಈ ವಿದ್ಯೆ ಪುಸ್ತಕದಿಂದ ಬಂದದ್ದು ಕಡಿಮೆ. ನೋಡಿದವರು ಮಾಡಿದರು, ಮಾಡಿದವರು ತೋರಿಸಿದರು. ಹದಿನಾಲ್ಕು ಶತಮಾನ ಹೀಗೇ ಸಾಗಿ ಬಂತು. ಆ ತೋರಿಸುವಿಕೆಯಲ್ಲಿ ಎದುರಿಗೆ ಒಂದು ಪಾತ್ರೆ ಇರುತ್ತಿತ್ತು, ಪಾತ್ರೆಯ ಜೊತೆಗೆ ಅಳತೆಯೂ ಇರುತ್ತಿತ್ತು. ನಲ್ಲಿ ಬಂದ ಮೇಲೆ ಕ್ರಮ ಉಳಿಯಿತು, ಅಳತೆ ಪಾಠದಿಂದ ಬಿದ್ದುಹೋಯಿತು. ವುಝೂ ಕಲಿಕೆಯ ಬಗ್ಗೆ ಇಂದು ಚರ್ಚಿಸಬೇಕಾದ ದೊಡ್ಡ ಸಂಗತಿ ಇದೇ.

ಕುರ್‌ಆನ್ ಈ ವಿಷಯದಲ್ಲಿ ಮಿತಭಾಷಿ. ಐದನೆಯ ಅಧ್ಯಾಯವಾದ ಅಲ್-ಮಾಇದಾದ 6ನೇ ವಚನ ನಾಲ್ಕು ಅಂಗಗಳನ್ನು ಹೆಸರಿಸುತ್ತದೆ: ಮುಖ, ಮೊಣಕೈವರೆಗಿನ ಕೈ, ತಲೆ, ಹರಡಿನವರೆಗಿನ ಕಾಲು. ಕಾಯಿಲೆಯಿದ್ದರೆ, ಪ್ರಯಾಣದಲ್ಲಿ ನೀರು ಸಿಗದಿದ್ದರೆ ಶುದ್ಧ ಮಣ್ಣಿನಿಂದ ಮುಖ ಮತ್ತು ಕೈ ಸವರಿಕೊಳ್ಳುವ ತಯಮ್ಮುಮ್‌ಗೆ ಅದೇ ವಚನದಲ್ಲಿ ಅನುಮತಿಯಿದೆ. ಜನರನ್ನು ಕಷ್ಟಕ್ಕೆ ಸಿಕ್ಕಿಸುವುದು ದೇವರ ಉದ್ದೇಶವಲ್ಲ ಎಂಬ ಮಾತೂ ಅಲ್ಲೇ ಇದೆ. ಬಾಯಿ ಮುಕ್ಕಳಿಸುವುದು, ಮೂಗು ಶುಚಿ ಮಾಡುವುದು, ಕಿವಿ ಸವರುವುದು, ಮೂರು ಮೂರು ಸಲ ತೊಳೆಯುವುದು, ಇವೆಲ್ಲ ಪ್ರವಾದಿಚರ್ಯೆಯಿಂದ ಬಂದವು. ಅವರು ಒಂದೊಂದೇ ಸಲ ತೊಳೆದು ವುಝೂ ಮಾಡಿದ್ದೂ ಉಂಟು, ಎರಡೆರಡು ಸಲ ತೊಳೆದದ್ದೂ ಉಂಟು. ಬುಖಾರಿ ಸಂಗ್ರಹ ಎರಡನ್ನೂ ಬೇರೆಬೇರೆ ಶೀರ್ಷಿಕೆಯಡಿ ದಾಖಲಿಸಿದೆ. ಮೂರು ಸಲ ತೊಳೆಯುವುದು ಪೂರ್ಣತೆಗೆ, ಒಂದು ಸಲ ಕಡ್ಡಾಯಕ್ಕೆ. ಮಕ್ಕಳಿಗೆ ಈ ವ್ಯತ್ಯಾಸ ಹೇಳಿಕೊಡುವ ಮನೆಗಳು ಎಷ್ಟಿವೆಯೋ.

ತಪ್ಪಿದವರನ್ನು ಪ್ರವಾದಿಯವರು ತಿದ್ದಿದ ಪ್ರಸಂಗಗಳು ಈ ಕಲಿಕೆಯ ಅತ್ಯಂತ ಜೀವಂತ ಭಾಗ. ಅಮ್ಮಾರ್ ಬಿನ್ ಯಾಸಿರ್ ಪ್ರಯಾಣದಲ್ಲಿದ್ದಾಗ ಪೂರ್ಣ ಸ್ನಾನ ಬೇಕಾದ ಸ್ಥಿತಿ ಬಂತು, ನೀರಿರಲಿಲ್ಲ. ಸ್ನಾನಕ್ಕೆ ಬದಲು ಮಣ್ಣು ಎಂದರೆ ಇಡೀ ಮೈಗೆ ಮಣ್ಣು ತಾಗಬೇಕು ಎಂದುಕೊಂಡು ಪ್ರಾಣಿ ಹೊರಳುವ ಹಾಗೆ ನೆಲದ ಮೇಲೆ ಹೊರಳಿದರು. ವಿಷಯ ತಿಳಿದ ಪ್ರವಾದಿಯವರು ಬೈಯಲಿಲ್ಲ. ಇಷ್ಟು ಸಾಕಿತ್ತು ಎಂದು ಎರಡೂ ಅಂಗೈಗಳನ್ನು ನೆಲಕ್ಕೆ ತಟ್ಟಿ, ಧೂಳು ಊದಿ, ಮುಖ ಮತ್ತು ಕೈ ಸವರಿ ತೋರಿಸಿದರು. ಇನ್ನೊಮ್ಮೆ ಒಬ್ಬರ ಪಾದದಲ್ಲಿ ಉಗುರಿನಷ್ಟು ಜಾಗ ಒಣಗಿ ಉಳಿದದ್ದನ್ನು ಕಂಡು, ಹಿಂದಿರುಗಿ ಸರಿಯಾಗಿ ವುಝೂ ಮಾಡಿ ಬರಲು ಹೇಳಿದರು. ಪ್ರಯಾಣದ ಅವಸರದಲ್ಲಿ ಕಾಲನ್ನು ಅರೆಬರೆ ಒದ್ದೆ ಮಾಡುತ್ತಿದ್ದ ಸಂಗಡಿಗರಿಗೆ ಒಣಗಿದ ಹಿಮ್ಮಡಿಗಳ ಬಗ್ಗೆ ಗಟ್ಟಿ ದನಿಯಲ್ಲಿ ಎಚ್ಚರಿಸಿದ ಹದೀಸೂ ಪ್ರಸಿದ್ಧ. ಒಂದೆಡೆ ಹೀಗೆ ಕಟ್ಟುನಿಟ್ಟು, ಇನ್ನೊಂದೆಡೆ ಅಷ್ಟೇ ಸರಾಗ. ಮುಂದಿನ ಕಾಲದ ಎಲ್ಲ ಚರ್ಚೆಗಳೂ ಈ ಎರಡು ತುದಿಗಳ ನಡುವೆಯೇ ನಡೆದಿವೆ.

ಸಂಪ್ರದಾಯದಲ್ಲಿ ಜನಜನಿತವಾದ ಒಂದು ಕಥೆಯನ್ನು ಇಲ್ಲಿ ನೆನೆಯಬೇಕು. ಪ್ರವಾದಿಯವರ ಮೊಮ್ಮಕ್ಕಳಾದ ಹಸನ್ ಮತ್ತು ಹುಸೈನ್ ಬಾಲಕರಾಗಿದ್ದಾಗ ಹಿರಿಯರೊಬ್ಬರು ತಪ್ಪಾಗಿ ವುಝೂ ಮಾಡುವುದನ್ನು ಕಂಡರಂತೆ. ಹಿರಿಯರಿಗೆ ನೇರವಾಗಿ ಹೇಳುವುದು ಹೇಗೆ? ಇಬ್ಬರೂ ಅವರ ಬಳಿಗೆ ಹೋಗಿ, ನಮ್ಮಿಬ್ಬರಲ್ಲಿ ಯಾರ ವುಝೂ ಸರಿ ಎಂಬ ವಾದ ಹುಟ್ಟಿದೆ, ನೀವೇ ನೋಡಿ ತೀರ್ಪು ಕೊಡಿ ಎಂದರಂತೆ. ಇಬ್ಬರದೂ ಸರಿಯಾಗಿಯೇ ಇತ್ತು, ಹಿರಿಯರಿಗೆ ತಮ್ಮ ತಪ್ಪು ತಾನಾಗಿ ತಿಳಿಯಿತು. ಸುನ್ನಿ ಮನೆಗಳಲ್ಲೂ ಶಿಯಾ ಮನೆಗಳಲ್ಲೂ ಮಕ್ಕಳಿಗೆ ಈ ಕಥೆ ಹೇಳುತ್ತಾರೆ. ದೊಡ್ಡವರಾದ ಮೇಲೆ ಕಲಿಯಬೇಕಾಗಿ ಬಂದವರಿಗೆ ಇದಕ್ಕಿಂತ ಒಳ್ಳೆಯ ಬೋಧನಾ ಕ್ರಮ ಸಿಗಲಾರದು.

ಕಲಿಯುವವರನ್ನು ಗೊಂದಲಕ್ಕೆ ಕೆಡವುವುದು ಮದ್‌ಹಬ್‌ಗಳ, ಅಂದರೆ ಕರ್ಮಶಾಸ್ತ್ರದ ಪಂಥಗಳ, ನಡುವಿನ ವ್ಯತ್ಯಾಸ. ಹನಫಿ ಪದ್ಧತಿಯಲ್ಲಿ ವುಝೂವಿನ ಕಡ್ಡಾಯಗಳು ನಾಲ್ಕೇ: ಮುಖ, ಕೈ, ಕಾಲು ತೊಳೆಯುವುದು, ತಲೆಯ ಕಾಲು ಭಾಗವನ್ನಾದರೂ ಸವರುವುದು. ಶಾಫಿಈಗಳಿಗೆ ಆರು, ಈ ನಾಲ್ಕರ ಜೊತೆಗೆ ನಿಯ್ಯತ್, ಅಂದರೆ ಮನಸ್ಸಿನ ಸಂಕಲ್ಪ, ಮತ್ತು ಕ್ರಮಬದ್ಧತೆ ಸೇರುತ್ತವೆ. ತಲೆಯ ಸ್ವಲ್ಪ ಭಾಗ ಸವರಿದರೂ ಅವರಲ್ಲಿ ನಡೆಯುತ್ತದೆ. ಮಾಲಿಕಿಗಳು ತಲೆ ಪೂರ್ತಿ ಸವರಬೇಕೆನ್ನುತ್ತಾರೆ, ನೀರು ಹರಿಸಿದರೆ ಸಾಲದು, ಅಂಗವನ್ನು ಕೈಯಿಂದ ಉಜ್ಜಬೇಕು ಎನ್ನುತ್ತಾರೆ. ಹಂಬಲಿಗಳಲ್ಲಿ ಬಾಯಿ ಮತ್ತು ಮೂಗು ಮುಖದ ಭಾಗವೆಂದೇ ಲೆಕ್ಕ, ಹಾಗಾಗಿ ಮುಕ್ಕಳಿಸುವುದೂ ಕಡ್ಡಾಯ. ಶಿಯಾ ಪದ್ಧತಿಯಲ್ಲಿ ಕೈಯನ್ನು ಮೊಣಕೈಯಿಂದ ಬೆರಳ ತುದಿಯ ಕಡೆಗೆ ತೊಳೆಯುತ್ತಾರೆ, ಕಾಲು ತೊಳೆಯುವುದಿಲ್ಲ, ಕೈಯಲ್ಲಿ ಉಳಿದ ತೇವದಿಂದ ಸವರುತ್ತಾರೆ. ಅದೇ 6ನೇ ವಚನದಲ್ಲಿ ಕಾಲನ್ನು ತೊಳೆಯುವ ಕ್ರಿಯೆಗೆ ಸೇರಿಸಬೇಕೋ ಸವರುವ ಕ್ರಿಯೆಗೋ ಎಂಬುದೇ ಈ ಭೇದದ ಮೂಲ.

ನಿಯ್ಯತ್‌ನ ಭೇದದಿಂದ ಒಂದು ಸ್ವಾರಸ್ಯದ ಫಲಿತಾಂಶ ಹುಟ್ಟುತ್ತದೆ. ಜೋರು ಮಳೆಯಲ್ಲಿ ಸಿಕ್ಕಿ ಮುಖ, ಕೈ, ತಲೆ, ಕಾಲು ಎಲ್ಲ ನೆನೆದು ನೀರು ಹರಿದರೆ ಹನಫಿ ಕಾನೂನಿನಲ್ಲಿ ವುಝೂ ಆಯಿತು. ಸಂಕಲ್ಪ ಮಾಡಿಲ್ಲವಾದ್ದರಿಂದ ಶಾಫಿಈ ಕಾನೂನಿನಲ್ಲಿ ಆಗಲಿಲ್ಲ.

ಕರ್ನಾಟಕದಲ್ಲಿ ಈ ಎರಡೂ ಪದ್ಧತಿಗಳು ಅಕ್ಕಪಕ್ಕ ಬಾಳುತ್ತಿವೆ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು, ಕೊಡಗಿನ ಮಾಪಿಳ್ಳೆಗಳು ಶಾಫಿಈಗಳು. ಅರಬ್ಬೀ ಸಮುದ್ರದ ವ್ಯಾಪಾರದ ನಂಟು ತಂದ ಪರಂಪರೆ ಅದು. ಬಯಲುಸೀಮೆಯ, ಉತ್ತರ ಕರ್ನಾಟಕದ ದಖ್ಖನಿ ಉರ್ದು ಮಾತಾಡುವವರಲ್ಲಿ ಹೆಚ್ಚಿನವರು ಹನಫಿಗಳು. ಮಂಗಳೂರಿನ ಹುಡುಗ ಓದಲು ಬೆಂಗಳೂರಿಗೆ ಬಂದು ಹಾಸ್ಟೆಲಿನಲ್ಲಿ ಕಲಬುರಗಿಯ ಗೆಳೆಯನ ಜೊತೆ ಇದ್ದರೆ ಕೆಲವು ವ್ಯತ್ಯಾಸಗಳು ಬೇಗ ಕಣ್ಣಿಗೆ ಬೀಳುತ್ತವೆ. ಗಾಯದಿಂದ ರಕ್ತ ಹರಿದರೆ ಹನಫಿಗೆ ವುಝೂ ಮುರಿಯುತ್ತದೆ, ಶಾಫಿಈಗೆ ಮುರಿಯುವುದಿಲ್ಲ. ಮದುವೆಗೆ ನಿಷಿದ್ಧರಲ್ಲದ ಗಂಡು ಹೆಣ್ಣಿನ ಚರ್ಮ ನೇರವಾಗಿ ತಾಗಿದರೆ ಶಾಫಿಈಗೆ ಮುರಿಯುತ್ತದೆ, ಹನಫಿಗೆ ಇಲ್ಲ. ಈ ಎರಡನೆಯ ನಿಯಮ ಮಕ್ಕಾದಲ್ಲಿ ಕಾಬಾದ ಸುತ್ತ ತವಾಫ್ ಮಾಡುವಾಗ ದೊಡ್ಡ ಸಮಸ್ಯೆ. ಆ ಜನಜಂಗುಳಿಯಲ್ಲಿ ಕೈ ತಾಗದೆ ನಡೆಯುವುದು ಅಸಾಧ್ಯ. ಅದಕ್ಕೇ ಶಾಫಿಈ ನಾಡುಗಳಲ್ಲಿ ನಡೆಯುವ ಹಜ್ ತರಬೇತಿಗಳಲ್ಲಿ ಯಾತ್ರಿಕರು ಆ ಹೊತ್ತಿಗೆ ಇನ್ನೊಂದು ಮದ್‌ಹಬ್‌ನ ಅಭಿಪ್ರಾಯ ಹಿಡಿಯಬಹುದೆಂದು ಹೇಳಿಕೊಡುವುದುಂಟು. ಹಾಗೆ ಹಿಡಿದವರು ವುಝೂವನ್ನೂ ಆ ಪದ್ಧತಿಗೆ ಒಪ್ಪುವಂತೆ ಮಾಡಬೇಕು, ಚೂರು ತಲೆ ಸವರಿದರೆ ಸಾಲದು ಎಂದೂ ಎಚ್ಚರಿಸುತ್ತಾರೆ. ಬಾಲ್ಯದಲ್ಲಿ ಕಲಿತದ್ದನ್ನು ಅರವತ್ತರ ಹರೆಯದಲ್ಲಿ ಮತ್ತೆ ಕಲಿಯುವ ಸಂದರ್ಭ ಇದು.

ಬಾಲ್ಯದ ಪಾಠಕ್ಕೆ ಒಂದು ವಯಸ್ಸಿದೆ. ಏಳು ವರ್ಷಕ್ಕೆ ಮಕ್ಕಳಿಗೆ ನಮಾಝ್ ಮಾಡಲು ಹೇಳಬೇಕೆಂಬ ಹದೀಸ್ ಇರುವುದರಿಂದ ವುಝೂ ಕಲಿಕೆ ಆ ಹೊತ್ತಿಗೆ ಅಥವಾ ಅದಕ್ಕೂ ಮೊದಲೇ ಆಗುತ್ತದೆ. ಕರಾವಳಿಯಲ್ಲಿ ಬೆಳಗಿನ ಮದ್ರಸಾ ಮುಗಿಸಿಯೇ ಶಾಲೆಗೆ ಹೋಗುವ ವಾಡಿಕೆ. ಅಲ್ಲಿನ ಅನೇಕ ಮದ್ರಸಾಗಳು 1951ರಲ್ಲಿ ರೂಪುಗೊಂಡ ಸಮಸ್ತ ಕೇರಳ ಇಸ್ಲಾಂ ಮತ ವಿದ್ಯಾಭ್ಯಾಸ ಮಂಡಳಿಯ ಪಠ್ಯಕ್ರಮ ಅನುಸರಿಸುತ್ತವೆ. ಮುಂದೆ ದರ್ಸ್ ಎಂಬ ಧಾರ್ಮಿಕ ಪಾಠಶಾಲೆಗಳಲ್ಲಿ ಓದುವವರು ಪೊನ್ನಾನಿಯ ಝೈನುದ್ದೀನ್ ಮಖ್ದೂಮರು 16ನೇ ಶತಮಾನದಲ್ಲಿ ಬರೆದ ‘ಫತ್‌ಹುಲ್ ಮುಈನ್’ ತಲುಪುತ್ತಾರೆ. ಹನಫಿ ಪ್ರದೇಶಗಳಲ್ಲಿ ಮುಫ್ತಿ ಕಿಫಾಯತುಲ್ಲಾ ದೆಹಲವಿ ಅವರ ‘ತಾಲೀಮುಲ್ ಇಸ್ಲಾಂ’ ಮಕ್ಕಳ ಕೈಗೆ ಬರುತ್ತದೆ. ಅದು ಪ್ರಶ್ನೋತ್ತರ ರೂಪದ ಪುಸ್ತಕ. ಹೆಣ್ಣುಮಕ್ಕಳಿಗೆಂದೇ ಅಶ್ರಫ್ ಅಲಿ ಥಾನವಿ ಬರೆದ ‘ಬಿಹಿಶ್ತೀ ಝೇವರ್’ ಎಷ್ಟೋ ಮನೆಗಳ ಕಪಾಟಿನಲ್ಲಿತ್ತು. ಈ ಪುಸ್ತಕಗಳಲ್ಲಿ ಪಟ್ಟಿಗಳಿವೆ: ಇಷ್ಟು ಫರ್ಝ್ (ಕಡ್ಡಾಯ), ಇಷ್ಟು ಸುನ್ನತ್ (ಪ್ರವಾದಿಚರ್ಯೆ), ಇಷ್ಟು ಮಕ್ರೂಹ್ (ಅನಪೇಕ್ಷಿತ). ಬಾಯಿಪಾಠಕ್ಕೆ ಪಟ್ಟಿ ಒಳ್ಳೆಯದೇ. ಆದರೆ ಮೊಣಕೈಯ ಹಿಂಭಾಗ ಒಣಗಿ ಉಳಿಯುತ್ತದೆ, ಬೆರಳ ಸಂದಿಗೆ ನೀರು ಇಳಿಯುವುದಿಲ್ಲ ಎಂಬುದನ್ನು ಪಟ್ಟಿ ತೋರಿಸಿಕೊಡದು. ಅದಕ್ಕೆ ಎದುರಿಗೆ ಕುಳಿತು ನೋಡುವ ಉಸ್ತಾದರೋ, ಹಜರತ್ತರೋ, ತಾಯಿಯೋ ಬೇಕು.

ನೀರನ್ನು ಇಟ್ಟುಕೊಳ್ಳುವ ಬಗೆಯನ್ನೂ ಇದೇ ಕಾನೂನುಗಳು ರೂಪಿಸಿವೆ. ಶಾಫಿಈ ಪದ್ಧತಿಯಲ್ಲಿ ದೊಡ್ಡ ನೀರು ಎನಿಸಲು ‘ಎರಡು ಕುಲ್ಲತ್’ ಇರಬೇಕು, ಈಗಿನ ಲೆಕ್ಕದಲ್ಲಿ ಸುಮಾರು 200 ಲೀಟರ್. ಅದಕ್ಕಿಂತ ಕಡಿಮೆ ನೀರಿಗೆ ಅಶುದ್ಧ ವಸ್ತು ಬಿದ್ದರೆ ಬಣ್ಣ, ರುಚಿ, ವಾಸನೆ ಬದಲಾಗದಿದ್ದರೂ ನೀರು ಕೆಟ್ಟಿತು. ಕಡ್ಡಾಯ ತೊಳೆತಕ್ಕೆ ಒಮ್ಮೆ ಬಳಸಿದ ಸಣ್ಣ ಪ್ರಮಾಣದ ನೀರು ಮತ್ತೆ ವುಝೂವಿಗೆ ಆಗದು. ಆದ್ದರಿಂದ ಬಕೆಟ್ಟಿಗೆ ಕೈ ಅದ್ದಿ ವುಝೂ ಮಾಡುವ ಶಾಫಿಈ, ಮುಖ ತೊಳೆದ ಮೇಲೆ ಕೈ ಅದ್ದುವಾಗ ತಾನು ನೀರು ಮೊಗೆಯುತ್ತಿದ್ದೇನೆ ಎಂಬ ಸಂಕಲ್ಪ ಇಟ್ಟುಕೊಳ್ಳಬೇಕು; ಇಲ್ಲದಿದ್ದರೆ ಉಳಿದ ನೀರು ಬಳಸಿದ ನೀರಿನ ಲೆಕ್ಕಕ್ಕೆ ಹೋಗುತ್ತದೆ. ಕೊಕ್ಕಿರುವ ಗಿಂಡಿಯಿಂದ ಸುರಿದುಕೊಂಡರೆ ಈ ತೊಡಕೇ ಇಲ್ಲ. ಹನಫಿಗಳಲ್ಲಿ ನಂತರದ ಕಾಲದ ಪಂಡಿತರು ಹತ್ತು ಮೊಳ ಉದ್ದ, ಹತ್ತು ಮೊಳ ಅಗಲದ ಕೊಳವನ್ನು ದೊಡ್ಡ ನೀರೆಂದು ಪರಿಗಣಿಸಿದರು. ಮಸೀದಿಯ ಅಂಗಳದ ಹೌಝ್‌ಗಳಿಗೆ ಈ ಅಳತೆ ಆಧಾರವಾಯಿತು. ವಿಜಯಪುರದ ಜಾಮಿ ಮಸೀದಿಯ ಅಂಗಳದಲ್ಲಿ ಕೊಳವಿದೆ. ಇಬ್ರಾಹಿಂ ರೋಜಾದಲ್ಲಿ ಗೋರಿ ಮತ್ತು ಮಸೀದಿಯ ನಡುವೆ, ಒಂದೇ ಜಗಲಿಯ ಮೇಲೆ, ಕಾರಂಜಿಯ ಕೊಳ ಕಾಣಬಹುದು. ಟುನೀಷಿಯಾದ ಕೈರವಾನ್ ಮಸೀದಿಯ ಅಂಗಳ ಮಳೆನೀರನ್ನು ನಡುವಿನ ರಂಧ್ರಕ್ಕೆ ಹರಿಸಿ ನೆಲದಡಿಯ ತೊಟ್ಟಿಗೆ ಇಳಿಸುತ್ತದೆ. ನೀರು ಸೇದುವ ಬಾಯಿಗಳ ಅಮೃತಶಿಲೆಯಲ್ಲಿ ಶತಮಾನಗಳ ಹಗ್ಗದ ಗೀರುಗಳು ಆಳವಾಗಿ ಮೂಡಿವೆ.

ಕೊಕ್ಕಿನ ಪಾತ್ರೆ ನಮ್ಮ ಕರಾವಳಿಯದ್ದು ಮಾತ್ರವಲ್ಲ. ತುರ್ಕಿಯಲ್ಲಿ ಅದು ಇಬ್ರಿಕ್, ಸೆನೆಗಲ್‌ನಲ್ಲಿ ಸತಲ, ನೈಜೀರಿಯಾದ ಹೌಸಾ ನಾಡಿನಲ್ಲಿ ಬೂತ. ಪಶ್ಚಿಮ ಆಫ್ರಿಕದ ಸಂತೆಗಳಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಕೆಟಲುಗಳು ಇದೇ ಕೆಲಸಕ್ಕೆ ಮಾರಾಟವಾಗುತ್ತವೆ. ದಿಯಾರ್‌ಬಕಿರ್‌ನ ಅರ್ತುಕಿದ್ ಅರಸರ ಆಸ್ಥಾನದಲ್ಲಿದ್ದ ಅಲ್-ಜಝರಿ 1206ರಲ್ಲಿ ಮುಗಿಸಿದ ಯಂತ್ರಗಳ ಗ್ರಂಥದಲ್ಲಂತೂ ತಾನಾಗಿ ನೀರು ಸುರಿಯುವ ಪಾತ್ರೆಗಳ, ನವಿಲಿನಾಕಾರದ ಸಾಧನಗಳ ವಿವರಣೆಯಿದೆ. ಆಳು ನಿಂತು ಕೈಗೆ ನೀರು ಹಾಕುವುದು ಅರಸನಿಗೆ ಇಷ್ಟವಿರಲಿಲ್ಲವೆಂದು ಅವನು ಬರೆಯುತ್ತಾನೆ.

ಇನ್ನು ಅಳತೆ. ಪ್ರವಾದಿಯವರು ಒಂದು ‘ಮುದ್ದ್’ ನೀರಿನಲ್ಲಿ ವುಝೂ ಮುಗಿಸುತ್ತಿದ್ದರೆಂದು ಅನಸ್ ಬಿನ್ ಮಾಲಿಕ್ ವರದಿ ಮಾಡಿದ್ದಾರೆ. ಮುದ್ದ್ ಎಂದರೆ ಎರಡು ಕೈ ಸೇರಿಸಿದ ಬೊಗಸೆ ತುಂಬುವಷ್ಟು. ಹೆಚ್ಚಿನ ಪಂಡಿತರ ಲೆಕ್ಕದಲ್ಲಿ ಅದು ಲೀಟರಿನ ಮೂರರಲ್ಲಿ ಎರಡು ಪಾಲು, ಹನಫಿಗಳ ಲೆಕ್ಕದಲ್ಲಿ ಒಂದು ಲೀಟರಿಗೆ ಹತ್ತಿರ. ಹರಿಯುವ ನದಿಯ ದಡದಲ್ಲಿದ್ದರೂ ನೀರು ಪೋಲು ಮಾಡಬಾರದು ಎಂಬ ಹದೀಸನ್ನು ಎಲ್ಲ ಕಡೆ ಹೇಳುತ್ತಾರೆ. ಅದರ ವರದಿಗಾರರ ಸರಣಿ ದುರ್ಬಲ ಎಂದು ಹಲವು ಹದೀಸ್ ಪಂಡಿತರು ಅಭಿಪ್ರಾಯಪಟ್ಟಿದ್ದಾರೆ, ಆದರೆ ಮುದ್ದ್‌ನ ವರದಿ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ, ಅದರ ಬಲದ ಬಗ್ಗೆ ತಕರಾರಿಲ್ಲ. ಈಗ ನಲ್ಲಿಯ ಲೆಕ್ಕ ಹಾಕಿ: ನಿಮಿಷಕ್ಕೆ 6 ಲೀಟರ್ ಸುರಿಸುವ ನಲ್ಲಿಯನ್ನು 2 ನಿಮಿಷ ತೆರೆದಿಟ್ಟರೆ 12 ಲೀಟರ್, ಸುಮಾರು 18 ಮುದ್ದ್. ಶುಕ್ರವಾರ ಐನೂರು ಜನ ಸೇರುವ ಮಸೀದಿಯಲ್ಲಿ ಎಲ್ಲರೂ ಹೀಗೆ ಮಾಡಿದರೆ 6,000 ಲೀಟರ್, ಒಂದು ಟ್ಯಾಂಕರ್‌ನಷ್ಟು. ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾಯುವ ಊರುಗಳಲ್ಲಿ ಇದು ಧಾರ್ಮಿಕ ಪ್ರಶ್ನೆಯೇ ಆಗಬೇಕು.

ಅತಿಯಾದ ನೀರಿನ ಹಿಂದೆ ಕೆಲವೊಮ್ಮೆ ಅಭ್ಯಾಸಕ್ಕಿಂತ ಆಳವಾದ ನೋವು ಇರುತ್ತದೆ. ಅಂಗ ಒದ್ದೆಯಾಯಿತೋ ಇಲ್ಲವೋ ಎಂಬ ಸಂಶಯ ಬಿಡದೆ ಕಾಡುವುದನ್ನು ‘ವಸ್‌ವಾಸ್’ ಎನ್ನುತ್ತಾರೆ. 12ನೇ ಶತಮಾನದ ಬಾಗ್ದಾದಿನ ಪಂಡಿತ ಇಬ್ನುಲ್ ಜೌಝಿ ಒಂದು ಪ್ರಸಂಗ ಹೇಳುತ್ತಾರೆ. ನೀರಿನಲ್ಲಿ ಎಷ್ಟು ಸಲ ಮುಳುಗಿದರೂ ಸ್ನಾನ ಸರಿಯಾಯಿತೋ ಎಂಬ ಸಂಶಯ ಹೋಗುತ್ತಿಲ್ಲ ಎಂದು ಒಬ್ಬ ಇಬ್ನ್ ಅಕೀಲ್ ಎಂಬ ಪಂಡಿತರ ಬಳಿ ಬಂದ. ನಿನಗೆ ನಮಾಝೇ ಕಡ್ಡಾಯವಲ್ಲ, ಹೋಗು ಎಂದರಂತೆ ಅವರು. ಅಷ್ಟು ಮುಳುಗಿದರೂ ನೀರು ತಾಗಿತೋ ಎಂದು ಕೇಳುವವನು ಬುದ್ಧಿ ಸ್ವಾಧೀನದಲ್ಲಿಲ್ಲದವನ ಲೆಕ್ಕ ಎಂಬುದು ಅವರ ತರ್ಕ. ಮಾತು ಕಠಿಣವಾಗಿ ಕೇಳುತ್ತದೆ, ಆದರೆ ಸಂಶಯವನ್ನು ಭಕ್ತಿ ಎಂದು ಮೆರೆಸಲು ಅವರು ಸಿದ್ಧರಿರಲಿಲ್ಲ. ಇದಕ್ಕೂ ಮೊದಲೇ, 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್-ಬಲ್ಖಿ ಬಿಡದೆ ಕಾಡುವ ಯೋಚನೆಗಳನ್ನು ಮನಸ್ಸಿನ ಕಾಯಿಲೆಗಳ ಸಾಲಿನಲ್ಲಿಟ್ಟು ವಿವರಿಸಿದ್ದರು. ಇಂದು ಮನೋವೈದ್ಯರು ಇದನ್ನು ಗೀಳು ಕಾಯಿಲೆ ಎಂದು ಗುರುತಿಸಿ ಚಿಕಿತ್ಸೆ ಕೊಡುತ್ತಾರೆ. ಚರ್ಮ ಬಿರಿಯುವಷ್ಟು ತೊಳೆಯುವ ಮಗುವಿಗೆ ಇನ್ನಷ್ಟು ನಿಯಮ ಹೇಳಿಕೊಡುವುದು ಪರಿಹಾರವಲ್ಲ. ವೈದ್ಯರ ಬಳಿ ಕರೆದೊಯ್ಯುವುದೇ ಸರಿ. ಖಚಿತತೆ ಸಂಶಯದಿಂದ ಅಳಿಯದು ಎಂಬ ಕರ್ಮಶಾಸ್ತ್ರದ ಮೂಲ ಸೂತ್ರ ಇಂಥವರ ಪರವಾಗಿಯೇ ಇದೆ.

ಕಾಲ ತಂದೊಡ್ಡಿದ ಹೊಸ ಪ್ರಶ್ನೆಗಳೂ ಕಡಿಮೆಯಿಲ್ಲ. ಮೆಹಂದಿಯ ಬಣ್ಣ ಚರ್ಮಕ್ಕೆ ಪದರ ಕಟ್ಟುವುದಿಲ್ಲ, ಹಾಗಾಗಿ ತೊಂದರೆಯಿಲ್ಲ. ನೇಲ್ ಪಾಲಿಶ್ ನೀರನ್ನು ತಡೆಯುತ್ತದೆ, ಹಾಗಾಗಿ ತೆಗೆಯಬೇಕು. ಪೋಲೆಂಡಿನ ಇಂಗ್ಲಾಟ್ ಕಂಪನಿ ನೀರಾವಿ ಹಾಯುವ ಉಗುರುಬಣ್ಣ ತಂದಾಗ ಜಗತ್ತಿನ ಹಲವೆಡೆ ಮುಸ್ಲಿಂ ಹೆಣ್ಣುಮಕ್ಕಳು ಅದನ್ನು ಹುಡುಕಿಕೊಂಡು ಹೋದರು. ಆವಿ ಹಾಯ್ದರೆ ಸಾಕೇ, ನೀರೇ ಉಗುರಿಗೆ ಮುಟ್ಟಬೇಕೇ ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಡಿಯರ್‌ಬಾರ್ನ್ ಆವರಣದಲ್ಲಿ 2007ರಲ್ಲಿ ಕಾಲು ತೊಳೆಯುವ ತಗ್ಗು ತೊಟ್ಟಿಗಳನ್ನು ಅಳವಡಿಸಲು ಹೊರಟಾಗ ದೊಡ್ಡ ವಿವಾದವೇ ಎದ್ದಿತು. ಎತ್ತರದ ವಾಶ್‌ಬೇಸಿನ್ನಿಗೆ ಕಾಲೆತ್ತಿ ತೊಳೆಯುವಾಗ ನೆಲ ಒದ್ದೆಯಾಗಿ ಜಾರುತ್ತದೆ ಎಂಬ ಸರಳ ಕಾರಣ ಗದ್ದಲದಲ್ಲಿ ಮರೆಯಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಮಲೇಷ್ಯಾದ ಶೇಖ್ ಮುಝಫ್ಫರ್ ಶುಕೂರ್ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಾಗ ಆ ದೇಶದ ರಾಷ್ಟ್ರೀಯ ಫತ್ವಾ ಮಂಡಳಿ ಆರಾಧನೆಯ ಮಾರ್ಗದರ್ಶಿ ಸಿದ್ಧಪಡಿಸಿತು. ಧೂಳಿಲ್ಲದಿದ್ದರೂ ಗೋಡೆ, ಕನ್ನಡಿಯಂಥ ಶುದ್ಧ ಮೇಲ್ಮೈಗೆ ಅಂಗೈ ತಟ್ಟಿ ತಯಮ್ಮುಮ್ ಮಾಡಬಹುದು ಎಂದಿತು. ಅಮ್ಮಾರ್ ಕಲಿತ ಪಾಠವೇ ಅಷ್ಟು ಎತ್ತರಕ್ಕೆ ಹೋಯಿತು.

ಹಳೆಯ ಮಸೀದಿಗಳಲ್ಲಿ ಹೆಂಗಸರಿಗೆ ವುಝೂ ಮಾಡಲು ಜಾಗವೇ ಇರುವುದಿಲ್ಲ, ಮಂಡಿ ಬಾಗದ ವೃದ್ಧರಿಗೆ ಕೂರುವ ಕಟ್ಟೆ ಸರಿಯಾದ ಎತ್ತರದಲ್ಲಿರುವುದಿಲ್ಲ. ಲಕ್ಷಗಟ್ಟಲೆ ಖರ್ಚಿನಲ್ಲಿ ಮಿನಾರಕ್ಕೆ ಹೊಸ ಬಣ್ಣ ಬಳಿಯುವ ಮುನ್ನ ಜಮಾಅತ್‌ಗಳು ಈ ಕಟ್ಟೆಯತ್ತ ನೋಡಬೇಕು.

ನೀರಿನ ವಿಷಯಕ್ಕೆ ಮರಳಿದರೆ, ಮಿತವ್ಯಯಕ್ಕೆ ಧಾರ್ಮಿಕ ಕಾನೂನು ಎಲ್ಲಿಯೂ ಅಡ್ಡ ನಿಂತಿಲ್ಲ. ಸೌದಿ ಅರೇಬಿಯಾದ ಹಿರಿಯ ಪಂಡಿತರ ಮಂಡಳಿ 1978ರಲ್ಲೇ, ಸರಿಯಾಗಿ ಶುದ್ಧೀಕರಿಸಿ ಬಣ್ಣ, ರುಚಿ, ವಾಸನೆಯ ದೋಷ ಹೋಗಲಾಡಿಸಿದ ಚರಂಡಿ ನೀರೂ ವುಝೂವಿಗೆ ಆಗುತ್ತದೆಂದು ತೀರ್ಮಾನಿಸಿತು. ಮಲೇಷ್ಯಾದ ಕಂಪನಿಯೊಂದು 2010ರಲ್ಲಿ ಲೀಟರಿಗಿಂತ ತುಸು ಹೆಚ್ಚು ನೀರಿನಲ್ಲಿ ವುಝೂ ಮುಗಿಸುವ ಯಂತ್ರವನ್ನು ಪ್ರದರ್ಶಿಸಿತು. ಜೋರ್ಡಾನಿನಲ್ಲಿ ನೀರಿನ ಮಿತವ್ಯಯವನ್ನು ಮಸೀದಿಯ ಪ್ರವಚನಗಳಿಗೆ ತರುವ ಕೆಲಸ ನಡೆದಿದೆ. ವುಝೂವಿನಲ್ಲಿ ಹರಿದ ನೀರಿನಲ್ಲಿ ಮಲವಿಲ್ಲ, ಕೊಬ್ಬಿಲ್ಲ, ಸೋಪೂ ಇಲ್ಲ. ತೆಂಗಿನ ಬುಡಕ್ಕೋ ಶೌಚಾಲಯದ ಟ್ಯಾಂಕಿಗೋ ತಿರುಗಿಸಲು ಒಂದು ಪೈಪು ಸಾಕು. ಮಕ್ಕಾ ವಿಜಯದ ದಿನ ಪ್ರವಾದಿಯವರು ಒಂದೇ ವುಝೂವಿನಲ್ಲಿ ಹಲವು ನಮಾಝ್ ಮಾಡಿದ್ದರೆಂಬ ವರದಿಯೂ ಇದೆ. ವುಝೂ ಮುರಿಯದಿದ್ದರೆ ಪ್ರತಿ ನಮಾಝಿಗೂ ಮತ್ತೆ ಮಾಡಲೇಬೇಕೆಂದಿಲ್ಲ.

ಬದಲಾಗಬೇಕಿರುವುದು ಮೊದಲ ಪಾಠ. ಮದ್ರಸಾದ ಪರೀಕ್ಷೆಯಲ್ಲಿ ವುಝೂವಿನ ಫರ್ಝ್ ಎಷ್ಟು ಎಂದು ಕೇಳುವ ಜೊತೆಗೆ, ಲೀಟರ್ ಹಿಡಿಯುವ ಒಂದು ಮಗ್ ಕೊಟ್ಟು ಇಷ್ಟರಲ್ಲೇ ಮಾಡು ಎನ್ನಬೇಕು. ಹನಫಿ, ಶಾಫಿಈ ಎರಡೂ ಮದ್‌ಹಬ್‌ಗಳ ಪುಸ್ತಕಗಳು ಅತಿಯಾಗಿ ನೀರು ಸುರಿಯುವುದನ್ನು ಮಕ್ರೂಹ್ ಎನ್ನುವುದರಿಂದ ಇದು ಪಠ್ಯದ ಹೊರಗಿನ ಪ್ರಶ್ನೆಯಲ್ಲ. ಮೊದಮೊದಲು ಮಗು ಕಾಲಿಗೆ ಬರುವಷ್ಟರಲ್ಲಿ ನೀರು ಮುಗಿಯಬಹುದು. ಆಗ ಉಸ್ತಾದರು ಮಗ್ಗನ್ನು ಮತ್ತೆ ತುಂಬಿಕೊಟ್ಟು, ಒಂದೊಂದೇ ಸಲ ತೊಳೆದರೂ ವುಝೂ ಆಗುತ್ತದೆ ಮಗನೇ, ಪ್ರವಾದಿಯವರೂ ಹಾಗೆ ಮಾಡಿದ್ದುಂಟು ಎಂದು ಹೇಳಿಕೊಡಬಹುದು.